ಸ್ಪೀಕರ್ ಇಲ್ಲದ ಕಂಪ್ಯೂಟರ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಕ್ಕ ತೀರಿಕೊಂಡ ಮೇಲೆ ಅವಳ ಹಳೆಯ ಕಂಪ್ಯೂಟರಿಗೆ, ಬಿಟ್ಟಿ ಸಿಗುತ್ತದಲ್ಲ ಎಂದು, ನಾನೇ ಲಿನಕ್ಸ್ ಎಂಬ ಹೊಸ ಸಿಸ್ಟಮ್ ಹಾಕಿದೆ. ಡಿಸ್ಕ್ ಪೂರ್ತಿ ಅಳಿಸಲೇ ಎಂದು ಕೇಳಿತು. ಹೂಂ ಎಂದು ಒತ್ತಿದೆ. ಅವಳ ದನಿಯಿದ್ದ ಒಂದೇ ರೆಕಾರ್ಡಿಂಗ್ ಅದರಲ್ಲೇ ಇತ್ತೆಂದು ಆಮೇಲೆ ಹೊಳೆಯಿತು.

ಹೊಸ ಸಿಸ್ಟಮ್‌ನಲ್ಲಿ ಸೌಂಡೇ ಬರಲಿಲ್ಲ. ಭಾವ ಹೆಣಗಾಡಿ ಹೆಣಗಾಡಿ, “ನನ್ನ ಕೈಲಾಗಲ್ಲ ಕಣಮ್ಮ,” ಅಂತ ಸ್ಪೀಕರ್ ಕಿತ್ತು ಅಟ್ಟಕ್ಕೆ ಹಾಕಿದರು.

ಮರುದಿನ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತೆ. ಕೀಬೋರ್ಡು ಯಾರೋ ಈಗಷ್ಟೇ ಕೈ ತೆಗೆದಂತೆ ಬೆಚ್ಚಗಿತ್ತು. ಪಕ್ಕದಲ್ಲೇ ಅಕ್ಕ ಗಂಟಲು ಸರಿಮಾಡಿಕೊಂಡಳು. ಆ ರೆಕಾರ್ಡಿಂಗ್ ಶುರುವಾಗುತ್ತಿದ್ದುದೇ ಹಾಗೆ. ಅಡುಗೆಮನೆಯಿಂದ ಭಾವ, “ಏನೇ?” ಅಂದರು. ಹಾಗೆ ಅವರು ಕರೆಯುತ್ತಿದ್ದುದು ಅಕ್ಕನನ್ನು ಮಾತ್ರ.

ಈಗಲೂ ದಿನಾ ಗಂಟಲು ಸರಿಮಾಡಿಕೊಳ್ಳುತ್ತಾಳೆ. ನಾವಿಬ್ಬರೂ ಕಾಯುತ್ತೇವೆ. ಅದರಾಚೆ ಅವಳ ಮಾತು ಬರುವುದಿಲ್ಲ.