ಕಿತ್ತಳೆ ಪೆಪ್ಪರಮೆಂಟು

ಗೋವಿಂದರಾಜುವಿನ ಕೈಯಿಂದ ಬಾದಾಮಿ ಹಾಲಿನ ಲೋಟ ಕಿತ್ತುಕೊಂಡು ಕುಡಿದಾಗ ಸುಶ್ಮಿತಾಳಿಗೆ ಅವನ ಹೆಸರೂ ಗೊತ್ತಿರಲಿಲ್ಲ.

ತುಮಕೂರಿನ ಸದಾಶಿವನಗರದ ಒಂದು ಬೇಕರಿ. ಸಂಜೆ ಹೊತ್ತಿನ ನೂಕುನುಗ್ಗಲು. ಬ್ಯಾಂಕಿನ ಕೆಲಸ ಮುಗಿಸಿಕೊಂಡು ಬಂದವಳು ಕೌಂಟರಿನವನನ್ನು ಏನೋ ಕೇಳಿ, ಅವನು 'ಒಂದ್ನಿಮಿಷ ಮೇಡಂ' ಎನ್ನುವಷ್ಟರಲ್ಲಿ ಪಕ್ಕದವನ ಲೋಟಕ್ಕೆ ಕೈ ಹಾಕಿಬಿಟ್ಟಿದ್ದಳು. ಗಟಗಟನೆ ಕುಡಿದು, ಮೇಲ್ದುಟಿಗೆ ಹಳದಿ ನೊರೆ ಮೆತ್ತಿಕೊಂಡು, ಕಲ್ಲುಬೆಂಚಿನ ಮೇಲೆ ಕುಸಿದು ಕೂತಳು.

ಅವನು ಬೆಪ್ಪಾಗಿ ಸುತ್ತಮುತ್ತ ನೋಡಿದ. "ಎಲ್ರೀ ಕ್ಯಾಮೆರಾ? ರೀಲ್ಸ್ ಮಾಡ್ತಿದೀರಾ?"

"ಸಾರಿ. ಶುಗರ್ ಲೋ ಆಗಿತ್ತು."

"ನಿಮ್ಗೆ ಶುಗರಾ? ಈ ವಯಸ್ಸಿಗೆ?"

"ಆರನೇ ಕ್ಲಾಸಿಂದ. ಮುಂದಿನ ಪ್ರಶ್ನೆ, ಸ್ವೀಟ್ ಜಾಸ್ತಿ ತಿಂತಿದ್ರಾ ಅಂತ. ಇಲ್ಲ. ಆಮೇಲೆ, ಹಾಗಲಕಾಯಿ ಜ್ಯೂಸ್ ಕುಡೀರಿ ಅಂತ. ಕುಡಿದಾಯ್ತು."

"ನಾನು ಕೇಳೋಕೆ ಬಂದಿದ್ದು, ಇನ್ನೊಂದು ಲೋಟ ಹೇಳ್ಲಾ ಅಂತ ಕಣ್ರೀ."

ಸುಶ್ಮಿತಾಳಿಗೆ ನಗು ತಡೆಯಲಾಗಲಿಲ್ಲ. ನೊರೆ ಇನ್ನೂ ತುಟಿಯ ಮೇಲೇ ಇದೆ ಎಂದು ಅವನು ಕೈಸನ್ನೆ ಮಾಡಿದ. ಅವಳು ಒರೆಸಿಕೊಂಡಳು. ಅವನು ಮಾತ್ರ ಕಣ್ಣು ತೆಗೆಯಲಿಲ್ಲ.

ಆ ಬೆಂಚು ಇಬ್ಬರಿಗೂ ರೂಢಿಯಾಯಿತು. ಗೋವಿಂದರಾಜು ಕುಣಿಗಲ್‌ನವನು, ತುಮಕೂರಿನ ಬೆಸ್ಕಾಂ ಆಫೀಸಿನಲ್ಲಿ ಕೆಲಸ. ಸುಶ್ಮಿತಾ ಗುಬ್ಬಿ ತಾಲ್ಲೂಕಿನ ಕಡಬದವಳು, ಶೆಟ್ಟಿಹಳ್ಳಿಯ ಪಿ.ಜಿ.ಯಲ್ಲಿ ಇದ್ದುಕೊಂಡು ಬ್ಯಾಂಕಿಗೆ ಹೋಗುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಬ್ಯಾಂಕಿನ ಬಾತ್‌ರೂಮು, ನೆಂಟರ ಮನೆಯ ಕತ್ತಲೆ ಕೋಣೆ, ಎಲ್ಲಿ ಮರೆ ಸಿಕ್ಕಿದರೆ ಅಲ್ಲಿ ಕಳ್ಳಿಯ ಹಾಗೆ ಚುಚ್ಚಿಕೊಂಡೇ ಬೆಳೆದವಳು ಅವಳು. ಅವ್ವ ಚಿಕ್ಕಮಾರಮ್ಮ ಕಲಿಸಿದ್ದೇ ಹಾಗೆ. "ನಾಕ್ ಜನುಕ್ಕೆ ಗೊತ್ತಾದ್ರೆ ನಿನ್ನ ಯಾರ್ ಮಾಡ್ಕೊತಾರೆ ಮಗ?" ಎನ್ನುತ್ತಿದ್ದಳು.

ಸೂಜಿಯ ನೋವು ಸುಶ್ಮಿತಾಳಿಗೆ ಲೆಕ್ಕಕ್ಕೇ ಇರಲಿಲ್ಲ. ಹೆದರಿಕೆ ಬೇರೆಯದಿತ್ತು. ಮೊದಲೆಲ್ಲ ಸಕ್ಕರೆ ಇಳಿದರೆ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ವರ್ಷಗಳು ಕಳೆದಂತೆ ಮೈ ಆ ಎಚ್ಚರಿಕೆ ಕೊಡುವುದನ್ನೇ ಬಿಡುತ್ತಾ ಬಂದಿತ್ತು. ನಗುತ್ತಾ ಕೂತವಳು ಕೂತಲ್ಲೇ ಮಂಕಾಗಿ ಬಿದ್ದುಹೋಗಬಹುದಿತ್ತು.

ಮೈ ಹೇಳದ್ದನ್ನು ಗೋವಿಂದರಾಜು ಅವಳ ಮುಖದಲ್ಲಿ ಓದಲು ಕಲಿತ.

"ಏನ್ ಹಂಗ್ ನೋಡ್ತಿದೀಯಾ?"

"ಡ್ಯೂಟಿ ಮೇಲಿದೀನಿ. ಡಿಸ್ಟರ್ಬ್ ಮಾಡ್ಬೇಡ."

"ಜನ ನೋಡ್ತವ್ರೆ ಕಣೋ."

"ನೋಡ್ಲಿ ಬಿಡು. ತುಟಿ ಮೇಲೆ ಬೆವರು ಬಂದಿದೆ. ಕಣ್ಣು ಮಿಟುಕಿಸೋದು ನಿಧಾನ ಆಗಿದೆ. ತಗೋ."

ಶರ್ಟಿನ ಜೇಬಿಗೆ ಕೈ ಹೋಗುತ್ತಿತ್ತು. ಪರಪರ ಎನ್ನುವ ಕಾಗದ ಬಿಚ್ಚಿ ಕಿತ್ತಳೆ ಬಣ್ಣದ ಪೆಪ್ಪರಮೆಂಟನ್ನು ಅವಳ ಅಂಗೈಯಲ್ಲಿ ಇಡುತ್ತಿದ್ದ. "ಚೀಪ್ತಾ ಕೂರ್ಬೇಡ, ಕಚ್ಚು," ಎಂದು ಗದರುತ್ತಿದ್ದ. ಅವಳು ಕಟಕಟ ಕಚ್ಚುವವರೆಗೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಕಪ್ಪು ಗುಡ್ಡೆಯಲ್ಲಿ ಮತ್ತೆ ಚುರುಕು ಬಂತೆಂದರೆ ಅವನ ಹುಬ್ಬು ಸಡಿಲವಾಗುತ್ತಿತ್ತು. ಹುಟ್ಟಿದಂದಿನಿಂದ ಅವಳನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ. ಆ ನೋಟಕ್ಕೇ ಸುಶ್ಮಿತಾ ಸೋತಳು. ಅವನಿಲ್ಲದ ಭಾನುವಾರಗಳಂದು ಊಟವೇ ರುಚಿಸುತ್ತಿರಲಿಲ್ಲ.

ಬ್ಯಾಂಕಿನ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದ ಮರುದಿನ ಡಾಕ್ಟರ್ ಮೇಡಂ ಅವಳನ್ನು ಕೂರಿಸಿಕೊಂಡು ಹೇಳಿದರು. "ಇನ್ನು ಇಂಜೆಕ್ಷನ್ ನಂಬ್ಕೊಂಡಿರೋದು ಬೇಡಮ್ಮ. ಪಂಪ್ ಹಾಕ್ಸಿಬಿಡು." ಮೊಬೈಲಿಗಿಂತ ಚಿಕ್ಕ ಯಂತ್ರವೊಂದನ್ನು ತೋರಿಸಿದರು. ಅದು ಸದಾ ಸೊಂಟದಲ್ಲಿರುತ್ತದೆ. ತೆಳ್ಳನೆಯ ಕೊಳವೆಯಿಂದ ಹೊಟ್ಟೆಯ ಚರ್ಮದೊಳಕ್ಕೆ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ. ತೋಳಿಗೆ ಅಂಟಿಸಿದ ಸೆನ್ಸರು ಸಕ್ಕರೆಯನ್ನು ಕಾಯುತ್ತಿರುತ್ತದೆ. ಸಕ್ಕರೆ ಇಳಿಯತೊಡಗಿದರೆ ಪಂಪು ಇನ್ಸುಲಿನ್ ನಿಲ್ಲಿಸಿ ಕೂಗಿಕೊಳ್ಳುತ್ತದೆ. "ನಿನ್ ಮೈ ಕೂಗೋದು ನಿಲ್ಸಿದೆ. ಇದು ಕೂಗುತ್ತೆ," ಎಂದರು.

ಖುಷಿಯಲ್ಲಿ ಅವಳು ನೇರ ಗೋವಿಂದರಾಜುವಿನ ಹತ್ತಿರ ಓಡಿದಳು. "ನನ್ನ ಕೆಲ್ಸಕ್ಕೇ ಕುತ್ತು ತಂದ್ಯಲ್ಲೇ," ಎಂದು ನಕ್ಕ. ಅಷ್ಟು ಹೊತ್ತಿಗೆ ಎರಡೂ ಮನೆಗಳಲ್ಲಿ ಮದುವೆಯ ಮಾತು ನಡೆದಿತ್ತು. ಆ ವಾರ ಬೈಕಿನಲ್ಲಿ ಕುಣಿಗಲ್ ಕೆರೆ ಏರಿಗೆ ಕರೆದುಕೊಂಡು ಹೋದ. ನೀರನ್ನು ನೋಡುತ್ತಾ ಹೇಳಿದ.

"ಅಪ್ಪನ ಕಾಲು ಶುಗರಿಂದ ಕೊಳ್ತೋಯ್ತು. ಕತ್ತರಿಸಿದ್ರೂ ಉಳೀಲಿಲ್ಲ. ಆ ಗಾಯ ತೊಳೆದಿದ್ದೆಲ್ಲ ಅಮ್ಮ. ಈಗ್ಲೂ ಶುಗರ್ ಅನ್ನೋ ಮಾತು ಕಿವಿಗೆ ಬಿದ್ರೆ ಉಣ್ತಿರೋ ತಟ್ಟೆ ಬಿಟ್ಟು ಎದ್ದೋಗ್ತಾಳೆ. ಇಂಜೆಕ್ಷನ್ ಆದ್ರೆ ಮರೆಲಿ ತಗೋಬೋದು. ಪಂಪು ಮೈಮೇಲೇ ಇರುತ್ತೆ. ಹೂ ಮುಡಿಸೋಕೆ ಬಂದ ಹೆಂಗಸ್ರು ತೋಳು ಹಿಡೀತಾರೆ, ಸೆರಗು ಸರಿ ಮಾಡ್ತಾರೆ. ಮದುವೆ ಒಂದಾಗೋಗ್ಲಿ ಸುಶ್ಮಿ. ಆಮೇಲೆ ನಾನೇ ಹೇಳ್ತೀನಿ."

"ಅಲ್ಲೀವರ್ಗೂ?"

"ನಾನಿಲ್ವಾ ನೋಡ್ಕೊಳ್ಳೋಕೆ?"

"ಪಕ್ಕಾ ನೋಡ್ತೀಯಾ?"

"ನಿನ್ನ ಬಿಟ್ಟು ಇಷ್ಟು ದಿನ ಇನ್ನೇನು ನೋಡಿದೀನಿ, ಹೇಳು?"

ಅವಳು ಕರಗಿಹೋದಳು. ಬುದ್ಧಿ ಬೇಡವೆಂದಿತು, ಮನಸ್ಸು ಹೂಂ ಎಂದಿತು. ಇಂಥ ಹೊತ್ತಿನಲ್ಲಿ ಬುದ್ಧಿಯ ಮಾತನ್ನು ಯಾರು ತಾನೇ ಕೇಳಿದ್ದಾರೆ? ಸದ್ಯಕ್ಕೆ ಪಂಪು ಬೇಡವೆಂದಾಗ ಕಡಬದಲ್ಲಿ ಅವ್ವನಿಗೆ ನೆಮ್ಮದಿಯಾಯಿತು. ಅಪ್ಪ ಓಬಳಯ್ಯನೊಬ್ಬನೇ, "ಮಿಷನ್ ಹಾಕ್ಸೇ ಬುಡಾನ ಕಣಮ್ಮಿ, ಯಾಕೋ ನಂಗೆ ದಿಗಿಲು," ಎಂದ. ಅವನ ಮಾತು ಯಾರ ಕಿವಿಗೂ ಹೋಗಲಿಲ್ಲ.

ಹೂ ಮುಡಿಸುವ ಶಾಸ್ತ್ರ ಗುರುವಾರ ಕಡಬದ ಮನೆಯಲ್ಲಿ ಎಂದು ನಿಶ್ಚಯವಾಯಿತು. ಊಟದ ಹೊತ್ತಿಗೆ ರಾಹುಕಾಲ ಶುರುವಾಗುತ್ತದೆ, ಅಷ್ಟರೊಳಗೆ ತಾಂಬೂಲದ ತಟ್ಟೆ ಬದಲಾಯಿಸಿಕೊಂಡು ಎಲೆ ಹಾಕಬೇಕು ಎಂದು ಮಾತಾಗಿತ್ತು. ಕುಣಿಗಲ್ಲಿನವರ ವ್ಯಾನು ದಾರಿಯಲ್ಲಿ ಪಂಚರ್ ಆಗಿ ತಡವಾಯಿತು. "ನಮ್ಮೂರ್ ಕೆರೆ ಏರಿ ಮೇಲೆ ಬಂದವ್ರಂತೆ, ಇನ್ನೇನ್ ತಟ್ಟೆ ಬದಲಾಯ್ಸಿ ಉಣ್ಣೋದೆಯ," ಎಂದು ಅವ್ವ ಕೂಗಿದ್ದು ಕೇಳಿ ಸುಶ್ಮಿತಾ ಕೋಣೆಯ ಬಾಗಿಲು ಹಾಕಿಕೊಂಡು ಊಟಕ್ಕೆ ಮುಂಚಿನ ಇಂಜೆಕ್ಷನ್ ತೆಗೆದುಕೊಂಡಳು. ಚುಚ್ಚಿಕೊಂಡ ಮೇಲೆ ಊಟ ತಡವಾಗುವಂತಿಲ್ಲ.

ಹೂ ಮುಡಿಸಿದರು. ಹಸೆಯ ಮೇಲೆ ಕೂರಿಸಿ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ, ಬಾಳೆಹಣ್ಣು, ಒಂದು ಅಚ್ಚು ಬೆಲ್ಲ. ಅಷ್ಟರಲ್ಲಿ ಗಂಡಿನ ಸೋದರಮಾವ ಅಪ್ಪಾಜಿ ವಾಚು ನೋಡಿಕೊಂಡು, "ರಾಹುಕಾಲ ಬಂದೇಬುಡ್ತು. ಕಳೀಲಿ, ಆಮೇಲೆ ತಟ್ಟೆ ಬದಲಾಯ್ಸಾನ," ಎಂದರು. ತಟ್ಟೆ ಬದಲಾಗದೆ ಗಂಡಿನ ಕಡೆಯವರು ಆ ಮನೆಯಲ್ಲಿ ಎಲೆ ಮುಂದೆ ಕೂರುವಂತಿಲ್ಲ. ಮಡಿಲು ತುಂಬಿಸಿಕೊಂಡವಳು ಹಸೆ ಬಿಟ್ಟು ಏಳುವಂತಿಲ್ಲ. ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಮಳೆ, ಕೊಬ್ಬರಿ ಧಾರಣೆ ಎಂದು ಮಾತಿಗೆ ಕೂತರು. ಮೈಯೊಳಗೆ ಹೋದ ಇನ್ಸುಲಿನ್ನಿಗೆ ಯಾವ ರಾಹುಕಾಲ?

ಸುಶ್ಮಿತಾಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಒಮ್ಮೆ ಅವ್ವನನ್ನು ಕರೆಯಲೇ ಎಂದುಕೊಂಡಳು. ಅವ್ವ ಅಡುಗೆಮನೆಯಲ್ಲಿದ್ದಳು. ಇಷ್ಟು ಜನರೆದುರು ಏನೆಂದು ಕೇಳುವುದು? ಎದುರಿಗೆ ಬಿಳಿ ರೇಷ್ಮೆ ಶರ್ಟಿನಲ್ಲಿ ಕೂತ ಗೋವಿಂದರಾಜುವನ್ನು ನೋಡಿದಳು. ಅವನಾಗಲೇ ಅವಳನ್ನೇ ನೋಡುತ್ತಿದ್ದ. ಮೊದಲು ತುಟಿಯನ್ನು ನೋಡಿದ, ಆಮೇಲೆ ಕಣ್ಣನ್ನು. ಅವನ ಮುಖ ಬಿಳಿಚಿಕೊಂಡಿತು. ಕೈ ಜೇಬಿಗೆ ಹೋಯಿತು.

ಓ, ನಂಗೆ ಲೋ ಆಗಿದೆ, ಎಂದು ಅವಳಿಗೆ ತಿಳಿದದ್ದು ಆಗ. ಇನ್ನೇನು ಕಾಗದದ ಸದ್ದು ಕೇಳಿಸುತ್ತದೆ ಎಂದು ಕಾದಳು.

ಪಕ್ಕದಲ್ಲಿದ್ದ ಅವನ ತಾಯಿ ಮಹಾಲಕ್ಷ್ಮಮ್ಮ ಮಗನತ್ತ ತಿರುಗಿದರು. "ಏನ್ಲಾ?"

"ಏನಿಲ್ಲಮ್ಮ."

ಕೈ ಜೇಬಿನಿಂದ ಖಾಲಿಯಾಗಿ ಹೊರಬಂದು ತೊಡೆಯ ಮೇಲೆ ಕೂತಿತು.

ಆಮೇಲಿನದು ಸುಶ್ಮಿತಾಳಿಗೆ ಸರಿಯಾಗಿ ನೆನಪಿಲ್ಲ. ಬೆರಳಿಗೆ ಮಡಿಲಿನ ಬೆಲ್ಲ ಅಂಟುತ್ತಿತ್ತು. ಅದನ್ನು ತಿನ್ನಬಹುದು ಎಂಬುದು ಹೊಳೆಯಲಿಲ್ಲ. ಸಕ್ಕರೆ ಇಳಿದ ತಲೆಗೆ ಏನೂ ಹೊಳೆಯುವುದಿಲ್ಲ. ಅವಳು ಪಕ್ಕಕ್ಕೆ ವಾಲಿ ಬಿದ್ದು, ದೀಪದ ಕಂಬಕ್ಕೆ ಹಣೆ ಒಡೆದುಕೊಂಡು, ಹಲ್ಲು ಕಚ್ಚಿ ಒದ್ದಾಡಿದಳಂತೆ. ಮೈಮೇಲೆ ದ್ಯಾವ್ರು ಬಂತು ಎಂದು ಒಬ್ಬರು, ಮೂರ್ಛೆರೋಗ ಎಂದು ಇನ್ನೊಬ್ಬರು. ಓಬಳಯ್ಯ ಓಡಿಬಂದು ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದನಂತೆ. ಆಗ ಗೋವಿಂದರಾಜು, "ಶುಗರು, ಅವಳಿಗೆ ಶುಗರು, ಬೇಗ ಆಸ್ಪತ್ರೆಗೆ!" ಎಂದು ಮನೆಯೆಲ್ಲ ಕೇಳುವಂತೆ ಅತ್ತನಂತೆ. ಎಚ್ಚರವಾದಾಗ ಅವಳು ಗುಬ್ಬಿಯ ಆಸ್ಪತ್ರೆಯಲ್ಲಿದ್ದಳು. ಕೈಗೆ ಡ್ರಿಪ್ಪು, ಹಣೆಗೆ ಹೊಲಿಗೆ. ನಾಲಗೆ ಸೀಳಿಹೋಗಿತ್ತು. ಅವ್ವ ಮಂಚದ ಕಾಲ ಬಳಿ ಕೂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಮದುವೆಯ ಒಡವೆಗೆಂದು ಎತ್ತಿಟ್ಟಿದ್ದ ದುಡ್ಡನ್ನು ಓಬಳಯ್ಯ ಯಾರನ್ನೂ ಕೇಳದೆ ಪಂಪಿಗೆ ಕಟ್ಟಿದ. ತುಮಕೂರಿನ ಕ್ಲಿನಿಕ್ಕಿನಲ್ಲಿ ನರ್ಸು ಅವಳ ಹೊಟ್ಟೆಗೆ ಕೊಳವೆ ಕೂರಿಸುವಾಗ ಪಕ್ಕದಲ್ಲೇ ನಿಂತಿದ್ದ. "ಇದೇ ನಿನ್ನ ಒಡವೆ ಅನ್ಕೊ ಮಗ," ಎಂದ. ಸುಶ್ಮಿತಾ ಪಂಪನ್ನು ಸೆರಗಿನ ಹೊರಗೇ ಸಿಕ್ಕಿಸಿಕೊಂಡಳು. ಬಸ್ಸಿನಲ್ಲಿ ಯಾರೋ ಅದೇನೆಂದು ಕೇಳಿದಾಗ ಉತ್ತರಿಸಿದವಳು ಚಿಕ್ಕಮಾರಮ್ಮ. "ನನ್ ಮಗ್ಳುಗೆ ಶುಗರೈತೆ. ಅದ್ಕೆ." ಅಷ್ಟು ಹೇಳಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಕೆಲವು ದಿನಗಳ ಮೇಲೆ ಅವಳು ತುಮಕೂರಿಗೆ ಬಂದಾಗ ಗೋವಿಂದರಾಜು ಅದೇ ಬೇಕರಿಯ ಬೆಂಚಿನ ಮೇಲೆ ಕಾಯುತ್ತಿದ್ದ. ಗಡ್ಡ ಬಿಟ್ಟಿದ್ದ. ಅವಳ ಹಣೆಯ ಗಾಯದಿಂದ ಸೊಂಟದ ಪಂಪಿಗೆ, ಅಲ್ಲಿಂದ ನೆಲಕ್ಕೆ ಅವನ ಕಣ್ಣು ಇಳಿಯಿತು.

"ನೋಯುತ್ತಾ?"

"ಇಲ್ಲ. ಮೂರು ದಿನಕ್ಕೊಂದ್ಸಲ ಬದಲಾಯ್ಸುವಾಗ ಸ್ವಲ್ಪ."

"ಅಮ್ಮ ಒಪ್ಪಿದಾಳೆ ಸುಶ್ಮಿ. ಆವತ್ತಿಂದ ಅಳ್ತಾನೇ ಇದಾಳೆ. ಮೊದ್ಲೇ ಹೇಳಿದ್ರೆ ನಾನೇ ಬೆಲ್ಲ ತಿನ್ನಿಸ್ತಿದ್ನಲ್ಲೋ ಅಂತ ನಂಗೆ ಬೈತಾಳೆ."

ಆ ಹೆಂಗಸಿನ ಕೈಯಿಂದ ಬೆಲ್ಲ ತಿನ್ನುವುದು ಎಷ್ಟು ಸುಲಭವಿತ್ತು!

"ನಿಮ್ಮಮ್ಮನ ಮೇಲೆ ನಂಗೇನೂ ಕೋಪ ಇಲ್ಲ. ಅವ್ರಿಗೆ ಗೊತ್ತಿರ್ಲಿಲ್ಲ."

"ಒಂದೇ ಸಲ ತಪ್ಪಾಯ್ತು ಕಣೇ. ಒಂದೇ ಒಂದ್ಸಲ."

"ನೀನು ಬೇರೆ ಕಡೆ ನೋಡ್ತಿದ್ದಿದ್ರೆ ಈಗ್ಲೇ ನಿನ್ ಹಿಂದೆ ಬರ್ತಿದ್ದೆ ಗೋವಿಂದು. ಆದ್ರೆ ನೀನು ನೋಡ್ದೆ. ನನ್ನ ನೋಡಿ, ಜೇಬಿಗೆ ಕೈ ಹಾಕಿ, ವಾಪಸ್ ತಗೊಂಡೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಬೆರಳು ಬಿಡಿಸಿ ಹಿಡಿದುಕೊಳ್ಳಬೇಕೆಂದು ಅವಳಿಗೆ ಜೀವ ಹೋಗುವಷ್ಟು ಆಸೆಯಾಯಿತು.

"ನನ್ ಮೇಲೆ ಪ್ರೀತಿ ಹೋಯ್ತಾ?"

"ಹೋಗಿದ್ರೆ ಚೆನ್ನಾಗಿರ್ತಿತ್ತು. ಈಗ ನೀನು ನೋಡಿದಾಗೆಲ್ಲ ನಿನ್ ಕೈ ಎಲ್ಲಿದೆ ಅಂತ ನೋಡೋ ಹಂಗಾಗಿದೆ ನಂಗೆ. ಹಂಗೆ ಎಷ್ಟು ವರ್ಷ ಸಂಸಾರ ಮಾಡ್ಲಿ?"

ಆಗ ಪಂಪು ಬೀಪ್ ಎಂದಿತು. ಗೋವಿಂದರಾಜುವಿನ ಕೈ ಅವನಿಗೇ ತಿಳಿಯದಂತೆ ಜೇಬಿಗೆ ಹೋಯಿತು. ಪರಪರ ಸದ್ದು. ಕಿತ್ತಳೆ ಪೆಪ್ಪರಮೆಂಟು ಅವನ ಅಂಗೈಯಲ್ಲಿತ್ತು. ಬೇಕರಿಯ ಜನರೆಲ್ಲ ನೋಡುತ್ತಿದ್ದರು, ಅವನಿಗೆ ಯಾರ ಪರಿವೆಯೂ ಇರಲಿಲ್ಲ.

ಸುಶ್ಮಿತಾ ಪರದೆ ನೋಡಿದಳು. "ಸಕ್ಕರೆ ಅಲ್ಲ ಕಣೋ. ಬ್ಯಾಟರಿ."

"ಇಟ್ಕೋ," ಎಂದ. "ಪ್ಲೀಸ್."

ಅವಳು ತೆಗೆದುಕೊಂಡಳು. ಅವನ ಅಂಗೈ ಬೆಚ್ಚಗಿತ್ತು. ಹಾಗೇ ಎದ್ದು ನಡೆದಳು.

ಊರಿಗೆ ಹೋಗಲು ಹತ್ತಿದ ಗುಬ್ಬಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬ್ಯಾಟರಿ ಬದಲಾಯಿಸಿ ಪರದೆ ನೋಡಿದಳು. ಸಕ್ಕರೆ ಸರಿಯಾಗಿಯೇ ಇತ್ತು, ಪೆಪ್ಪರಮೆಂಟಿನ ಅಗತ್ಯವೇನೂ ಇರಲಿಲ್ಲ. ಇಂಜೆಕ್ಷನ್ನಿನ ದಿನಗಳಲ್ಲಾಗಿದ್ದರೆ ಇಷ್ಟು ಸಣ್ಣದೊಂದು ಸಿಹಿಗೆಂದು ಯಾರು ಸೂಜಿ ಚುಚ್ಚಿಕೊಳ್ಳುತ್ತಿದ್ದರು? ಅವಳು ಅದಕ್ಕೆ ಬೇಕಾದಷ್ಟೇ, ಅರ್ಧ ಯೂನಿಟ್ಟು, ಪಂಪಿನಲ್ಲಿ ಒತ್ತಿದಳು. ಅದು ಸದ್ದಿಲ್ಲದೆ ಹನಿ ಬಿಟ್ಟಿತು.

ಎಲ್ಲರೆದುರಿಗೇ ಪೆಪ್ಪರಮೆಂಟನ್ನು ಬಾಯಿಗೆ ಹಾಕಿಕೊಂಡಳು. ಕಚ್ಚಲಿಲ್ಲ, ನಿಧಾನವಾಗಿ ಚೀಪಿದಳು. ಅವನು ಕೊಟ್ಟದ್ದನ್ನು ಬರೀ ರುಚಿಗೆಂದು ತಿಂದದ್ದು ಅದೇ ಮೊದಲು. ಕಣ್ಣೀರು ಗಲ್ಲದಿಂದ ಇಳಿದು ಪಂಪಿನ ಗಾಜಿನ ಮೇಲೆ ಬಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿ, ಕಂಡಕ್ಟರ್ ಹತ್ತಿರ ಬಂದಾಗ ಗುಬ್ಬಿಗೆ ಒಂದು ಟಿಕೆಟ್ ಕೇಳಿದಳು.