ಕೆಂಚನ ಕತ್ತಿನ ಗರಿ

ಎರಡು ಸಾವಿರದ ಆರರ ಮಳೆಗಾಲ ಮುಗಿಯುತ್ತಿತ್ತು. ಸತ್ತ ಹುಂಜವನ್ನು ಬುಟ್ಟಿಯಲ್ಲಿಟ್ಟುಕೊಂಡು ಆಂಜಿನಮ್ಮ ನಮ್ಮ ಜಗಲಿಗೆ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಕೆಂಚನಂಥ ಹುಂಜ ಇಡೀ ಮಂಡಿಕಲ್ಲಿನಲ್ಲಿರಲಿಲ್ಲ. ಜೇನು ಬಣ್ಣದ ಕತ್ತಿನ ಗರಿ, ನಡುವೆ ಕಪ್ಪು ಗೆರೆ. ಯಾವನೋ ಅದರ ಕುತ್ತಿಗೆ ತಿರುವಿ, ಕತ್ತಿನ ಚರ್ಮವನ್ನು ಗರಿ ಸಮೇತ ಸುಲಿದು, ಉಳಿದದ್ದನ್ನು ಬೇಲಿಗೆ ಎಸೆದಿದ್ದ.

"ನನ್ನ ಮೈದುನ ಬಯ್ಯಪ್ಪಂದೇ ಕೆಲ್ಸ ಶೋಭಮ್ಮ. ಇದು ಕೂಗಿ ನಿದ್ದೆ ಕೆಡಿಸ್ತದೆ, ಒಂದಿನ ಮುರಿದು ಹಾಕ್ತೀನಿ ಅಂತಿದ್ದ. ಮನೆ ಬಿಟ್ಟು ಹೋಗು ಅಂದಿದೀನಿ."

ಈ ಕಡೆ ಏನೇ ಅನ್ಯಾಯವಾದರೂ ಜನ ಠಾಣೆಗಿಂತ ಮೊದಲು ಬರುವುದು ನನ್ನ ಹೆಂಡತಿ ಶೋಭಾರಾಣಿಯ ಹತ್ತಿರ. ಅವಳು ಹುಂಜವನ್ನು ಮಗುಚಿ ನೋಡಿದಳು. ಹಳೆಯ ಗರಿ ಉದುರಿ, ಎದೆಯ ತುಂಬ ಹೊಸವು ಮುಳ್ಳಿನಂತೆ ಏಳುತ್ತಿದ್ದವು. ಒಂದನ್ನು ಕಿತ್ತು ಬುಡ ಹಿಂಡಿದಳು. ರಕ್ತ ಜಿನುಗಿತು.

ಆಂಜಿನಮ್ಮನಿಂದ ಗರಿ ಕೊಳ್ಳುತ್ತಿದ್ದವರು ಇಬ್ಬರು, ಚಲಪತಿ ಮತ್ತು ಮಧುಸೂದನ್. ನೀರಿನ ಮೇಲೆ ತೇಲುವ ಹುಳದಂತೆ ಕಾಣಲು ಮೀನಿನ ಗಾಳಕ್ಕೆ ಗರಿ ಸುತ್ತಿ ಹೊರದೇಶಕ್ಕೆ ಕಳಿಸುವುದು ಇಬ್ಬರ ಕಸುಬು. ಚಲಪತಿ ಮನೆಯಲ್ಲೇ ಕೋಳಿ ಸಾಕಿದವನು. ಮಧುಸೂದನ್ ಗರಿ ಕಂಡದ್ದು ಮೇಜಿನ ಮೇಲೆ ಮಾತ್ರ. ಕೆಂಚನ ಇಡೀ ಕತ್ತು ಬೇಕೆಂದು ಇಬ್ಬರೂ ಕೇಳಿದ್ದರು, ಅವಳು ಇಬ್ಬರನ್ನೂ ಬೈದು ಕಳಿಸಿದ್ದಳು.

ಮರುದಿನ ಶೋಭಾ ಇಬ್ಬರನ್ನೂ ಗಾಳದ ಡಬ್ಬಿ ಸಮೇತ ಕರೆಸಿದಳು. ಬಯ್ಯಪ್ಪ ಬಟ್ಟೆಗಂಟು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಕೆಂಚನ ಕತ್ತಿನ ಅಂಚಿನಲ್ಲಿ ಉಳಿದಿದ್ದ ನಾಲ್ಕಾರು ಗರಿಗಳನ್ನು ಕಿತ್ತು ಅವಳು ತಟ್ಟೆಯಲ್ಲಿ ಹಾಕಿಟ್ಟಳು.

"ಗಾಳಕ್ಕೆ ಆಗೋದನ್ನ ಆರಿಸಿ."

ಚಲಪತಿ ಒಂದನ್ನು ಬಗ್ಗಿಸಿ ನೋಡಿ ತಟ್ಟೆಗೇ ಹಾಕಿದ. "ಯಾವುದೂ ಆಗಲ್ಲ ಅಕ್ಕ. ಇದು ಗರಿ ಬಿಡೋ ಕಾಲ. ಬುಡದಲ್ಲಿ ರಕ್ತ ಇದೆ, ಸುತ್ತಿದ್ರೆ ನೀರು ಕುಡಿದು ಮುಳುಗ್ತದೆ."

"ಓ, ಅದಕ್ಕೇನಾ ಎಲ್ಲಾ ಮುಳುಗಿದ್ದು!" ಎಂದ ಮಧುಸೂದನ್. ಎಂದವನೇ ಬಾಯಿ ಮುಚ್ಚಿಕೊಂಡ.

"ಯಾವುದಪ್ಪ ಮುಳುಗಿದ್ದು?" ಎನ್ನುತ್ತ ಶೋಭಾ ಅವನ ಡಬ್ಬಿ ತೆರೆದಳು. ಗಾಳಗಳ ಮೇಲೆ ಜೇನು ಬಣ್ಣ, ಕಪ್ಪು ಗೆರೆ. ಆಂಜಿನಮ್ಮ ಚೀರಿದಳು.

"ಬಾಡು ಮುಟ್ಟಿಲ್ಲ, ಅಂದ್ರೆ ಸಾರಿಗೆ ಕೊಂದಿದ್ದಲ್ಲ. ನಿದ್ದೆ ಕೆಟ್ಟ ಸಿಟ್ಟಿಗೂ ಅಲ್ಲ, ಸಿಟ್ಟು ಬಂದೋನು ಕೂತು ಚರ್ಮ ಸುಲೀತಾನಾ?" ಎಂದಳು ಶೋಭಾ. "ಗರಿಗೇ ಕೊಂದಿದ್ದು. ಕೋಳಿ ಸಾಕಿರೋ ಚಲಪತಿ ಈ ಕಾಲದಲ್ಲಿ ಮುಟ್ತಿರ್ಲಿಲ್ಲ. ಉಳಿದೋನು ನೀನೇ."

"ಒಂದು ಹುಂಜ ತಾನೆ? ಬೇರೆ ತಂದ್ಕೊಡ್ತೀನಿ ಬಿಡಿ."

ನಾನು ಅವನ ಕೊರಳಪಟ್ಟಿಗೆ ಕೈ ಹಾಕಿಯೇಬಿಟ್ಟೆ. ಕೊಂದದ್ದೂ ದಂಡ, ಮೇಲೆ ಈ ಉಡಾಫೆ! ಶೋಭಾ ಬಿಡಿಸಿದಳು.

"ಮೈದುನಂಗೆ ನಾನಂದ ಮಾತನ್ನ ವಾಪಸ್ ತಂದ್ಕೊಡ್ತೀಯೇನೋ?" ಎಂದು ಅವನನ್ನು ಕೇಳಿ, ಆಂಜಿನಮ್ಮ ಮೆಟ್ಟಿಲಿಗೆ ಹೋಗಿ ಬಯ್ಯಪ್ಪನ ಗಂಟಿಗೆ ಕೈ ಹಾಕಿದಳು. "ನಡಿಯಪ್ಪ ಮನೆಗೆ."

ಅವನು ಗಂಟು ಬಿಡಲಿಲ್ಲ. "ನಾನೇ ಕೊಂದಿದ್ರೆ ಸಾರು ಮಾಡ್ದೆ ಬಿಡ್ತಿದ್ನಾ ಅತ್ತಿಗೆ? ಹೊರಗಿನ ಶೋಭಮ್ಮಂಗೆ ಗೊತ್ತಾಗಿದ್ದು ನಿಂಗೆ ಗೊತ್ತಾಗ್ಲಿಲ್ವಾ?"

ಅವನು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ. ಆಂಜಿನಮ್ಮ ಬರಿಗಾಲಲ್ಲೇ ಅದರ ಹಿಂದೆ ಕೆರೆ ಏರಿಯವರೆಗೂ ಓಡಿದಳು.