ಐದನೆಯ ಹಾಳೆ

ಮನೆಯೊಡತಿ ದೋನ್ಯ ಫೆಲಿಸಾ ಬೆಳಕು ನುಸುಳದಂತೆ ಬಚ್ಚಲ ಕಿಟಕಿಯ ಸಂದಿಗಳಿಗೆ ಹಳೆಬಟ್ಟೆ ತುರುಕುತ್ತಿದ್ದಳು. ಅವಳ ಗಂಡ ಸಾಯುವವರೆಗೂ ಇಲ್ಲೇ ಫೋಟೊ ತೊಳೆದವನು. ಈಗ ಲಿಮಾದಿಂದ ಈ ಬೆಟ್ಟದೂರು ಹುವಾಮಾಂಗಕ್ಕೆ ಬಂದು ಬಾಡಿಗೆಗಿರುವ ವಿದಾಲ್ ತೊಳೆಯುತ್ತಾನೆ. ಕೊನೆಯ ಸಂದಿಯೂ ಮುಚ್ಚಿತು.

"ಬಾಗಿಲು ತೆಗೆಯೋ ಮುಂಚೆ ನಿನ್ನ ಹೆಸರು ನೀನೇ ಮೂರು ಸಲ ಕರ್ಕೊ ಮಗಾ. 'ವಿದಾಲ್, ಬಾ, ಹೋಗೋಣ' ಅನ್ನು. ಕತ್ತಲಲ್ಲಿ ಜೀವ ಹಿಂದೆ ಉಳಿದುಬಿಡುತ್ತೆ. ನೀನು ಕರೀದಿದ್ರೆ ಇನ್ಯಾರೋ ಕರೀತಾರೆ."

"ನನ್ನ ಜೀವಕ್ಕೆ ಕಾಲಿದೆ ದೋನ್ಯ. ನಡ್ಕೊಂಡು ಬರುತ್ತೆ ಬಿಡಿ."

"ಬೆಳಿಗ್ಗೆ ಆ ಮಾಟಗಾರ ಮೆಲ್ಚೋರನ ಫೋಟೊ ತೆಗೆದೆಯಂತೆ. ಹೆಸರು ಹೇಳಿದ್ಯಾ?"

"ಕೇಳ್ದ, ಹೇಳ್ದೆ. 'ನನ್ನ ಮುಖ ನಿಂಗೆ, ನಿನ್ನ ಹೆಸರು ನಂಗೆ' ಅಂದ. ಅಗ್ಗದಲ್ಲಿ ಮುಗೀತಲ್ಲ ಅಂತ ನಕ್ಕೆ."

ಅವಳು ನಗಲಿಲ್ಲ. ಎದೆಯ ಮೇಲೆ ಶಿಲುಬೆ ಗೀರಿಕೊಂಡು ಹೊರಗೆ ಹೋದಳು.

ಮಟಮಟ ಮಧ್ಯಾಹ್ನವಾದರೂ ದೀಪ ಆರಿಸಿದೊಡನೆ ಕತ್ತಲು ಕಂಬಳಿಯಂತೆ ಮುಖಕ್ಕೆ ಬಿತ್ತು. ತೊಳೆಯುವ ರಸಾಯನದ ವಿನಿಗರ್ ಘಾಟು ಮೂಗು ಸುಟ್ಟಿತು. ವಿದಾಲ್ ಅಂಗೈಗಿಂತ ದೊಡ್ಡ ನಾಲ್ಕು ಫಿಲ್ಮ್ ಹಾಳೆಗಳನ್ನು ತಟ್ಟೆಯ ದ್ರಾವಣಕ್ಕೆ ಇಳಿಬಿಟ್ಟ. ಒಂದಕ್ಕೊಂದು ಅಂಟದಂತೆ ಅಡಿಯದನ್ನು ಎಳೆದು ಮೇಲಿಡುತ್ತಿರಬೇಕು. ಮೂಲೆಯಲ್ಲಿ ಕೊರೆದ ಕಚ್ಚು ಬೆರಳಿಗೆ ಸಿಕ್ಕರೆ ಹಾಳೆಯ ಸರಿ ಮಗ್ಗುಲು ಮೇಲಿದೆ ಎಂದರ್ಥ. ಒಂದು. ಎರಡು. ಮೂರು. ನಾಲ್ಕು.

ಐದು.

ಮತ್ತೆ ಎಣಿಸಿದ. ಐದು. ಐದನೆಯದು ಬೆಚ್ಚಗಿತ್ತು. ಅದರ ಕಚ್ಚು ಮುಟ್ಟಿದ. ಅವನ ಎಡಗಿವಿ ಚುರ್ರೆಂದಿತು.

ಹೊರಗಿನಿಂದ ಮುದಿ ದನಿಯೊಂದು ಕರೆಯಿತು. "ವಿದಾಲ್, ಬಾ, ಹೋಗೋಣ."

ದೋನ್ಯಳದಲ್ಲ. ಗಂಡಸಿನದು. ಬೆಳಿಗ್ಗೆ ಕೇಳಿದ ದನಿ. ನಾನೇ ಕರೆದುಕೊಳ್ಳಬೇಕು, ಈಗಲೇ. ಬಾಯಿ ತೆರೆದ. ಕಿವಿಗೆ ಬಿದ್ದ ಹೆಸರು ನಾಲಿಗೆಗೆ ಬರುವಷ್ಟರಲ್ಲಿ ಅಳಿಸಿಹೋಯಿತು.

"ವಿದಾಲ್, ಬಾ, ಹೋಗೋಣ."

ವಿ... ವಿ... ಏನದು?

"ವಿದಾಲ್, ಬಾ, ಹೋಗೋಣ."

"ಬಂದೆ," ಎಂದಿತು ಪಕ್ಕದಲ್ಲೇ ಯಾರೋ. ಅವನದೇ ದನಿ. ಒದ್ದೆ ಹೆಜ್ಜೆಗಳು ಸರಿದವು. ಚಿಲಕ ಸದ್ದು ಮಾಡಿತು. ಬಾಗಿಲು ತೆರೆಯಿತು. ಬೆಳಕು ಒಳಗೆ ಬರಲಿಲ್ಲ. ಬಾಗಿಲು ಮುಚ್ಚಿತು.

ಎಲ್ಲೋ ದೂರದಲ್ಲಿ ದೋನ್ಯಳ ಮಾತು ಕೇಳಿಸಿತು. "ಬಾ ಮಗಾ, ಸೂಪು ಆರ್ತಾ ಇದೆ. ಹೆಸರು ಕರ್ಕೊಂಡೆ ತಾನೆ?"

"ಕರ್ಕೊಂಡೆ ದೋನ್ಯ," ಎಂದಿತು ಹೊರಗೆ ಅವನದೇ ದನಿ.

"ಸದ್ಯ! ಹೆದರಿಬಿಟ್ಟಿದ್ದೆ. ಕೂತ್ಕೊ, ಕುಡಿ."

ಒಳಗೆ, ಕತ್ತಲಲ್ಲಿ, ಅವನು ದ್ರಾವಣದ ತಟ್ಟೆಯಲ್ಲಿ ಕೈಯಾಡಿಸಿದ. ನಾಲ್ಕೇ ಹಾಳೆಗಳು. ಎಡಗಿವಿ ಮುಟ್ಟಿಕೊಂಡ. ಫಿಲ್ಮ್ ಹಾಳೆಯಂತೆ ತೆಳ್ಳಗೆ, ತಣ್ಣಗೆ ಇತ್ತು. ಅಂಚಿನಲ್ಲಿ ಕಚ್ಚು.

ಹೊರಗೆ ಚಮಚ ಬಟ್ಟಲಿಗೆ ತಾಗುತ್ತಿತ್ತು.

"ದೋನ್ಯ," ಎಂದ ಅವನು ಕತ್ತಲಿಗೆ, "ನನ್ನ ಹೆಸರು ಒಂದ್ಸಲ ಕರೀರಿ."